ಪುಟ್ಟಮ್ಮ ನುಂಗಿಕೊಂಡ ಮಾತು

ಮೊಮ್ಮಗಳು ಕೋಡುಬಳೆ ಮಾಡಿ ಮಾರಲು ಹೊರಟಿದ್ದಾಳೆ. ಮೊನ್ನೆ ಊಟದ ಮೇಜಿನ ತುಂಬ ರಟ್ಟಿನ ಡಬ್ಬಿ, ಕಾಗದದ ಚೀಲ ಹರಡಿಕೊಂಡು, "ಅಜ್ಜಿ, ಮಣ್ಣಲ್ಲಿ ಕರಗೋ ಅಂಥದ್ದೇ ಬೇಕು. ಯಾವುದು ತಗೊಳ್ಳಲಿ?" ಎಂದಳು. ರಾಶಿಯ ನಡುವೆ ಒಣಗಿದ ಮುತ್ತುಗದೆಲೆಯ ಕಟ್ಟೊಂದಿತ್ತು. ಎತ್ತಿ ಮೂಸಿದೆ. ಈ ವಿಷಯದಲ್ಲಿ ಸಲಹೆ ಕೇಳಲು ನನ್ನಷ್ಟು ಅನರ್ಹಳು ಇನ್ನೊಬ್ಬಳು ಸಿಗಲಾರಳು. ಏಕೆಂದು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದಲ್ಲಿ ಮೈಸೂರಿನಿಂದ ಮದ್ದೂರಿಗೆ ಸೊಸೆಯಾಗಿ ಬಂದೆ. ಅತ್ತೆಯವರು ಮನೆಯ ಮುಂದಿನ ಕೋಣೆಯಲ್ಲಿ ವಡೆ ಮಾಡಿ ಮಾರುತ್ತಿದ್ದರು. ಕಟ್ಟಿಕೊಡುತ್ತಿದ್ದುದು ಮುತ್ತುಗದೆಲೆಯಲ್ಲಿ. ಮಳವಳ್ಳಿಯಾಚೆ, ಮುತ್ತತ್ತಿ ದಾರಿಯ ಹಳ್ಳಿಯಿಂದ ಪುಟ್ಟಮ್ಮ ಎಂಬಾಕೆ ಪ್ರತಿ ಸೋಮವಾರ ಎಲೆಯ ಹೊರೆ ತರುತ್ತಿದ್ದಳು. ಬಿ.ಎ. ಓದಿದ್ದ ನನಗೆ ಅದು ಹಳೇ ಕಾಲದ್ದೆನಿಸಿತು. ಆಗಷ್ಟೇ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಚೀಲ ಕಾಣಿಸಿಕೊಳ್ಳುತ್ತಿತ್ತು. ಮಿರಮಿರ ಮಿಂಚುವ ಒಂದು ಕಟ್ಟು ತರಿಸಿದೆ.

"ಬಿಸಿ ವಡೆ ತಡೆಯತ್ತೇನೇ ಇದು?" ಎಂದರು ಅತ್ತೆ.

"ತಡೆಯತ್ತೆ ಅತ್ತೆ. ಊರೆಲ್ಲಾ ಇನ್ನು ಇದೇ."

ಆ ಸೋಮವಾರ ಅತ್ತೆಯ ಎದುರಿಗೇ ಪುಟ್ಟಮ್ಮನಿಗೆ ಚೀಲ ತೋರಿಸಿ, ಇನ್ನು ಎಲೆ ಬೇಡ ಎಂದೆ. ಅವಳು ಚೀಲವನ್ನೊಮ್ಮೆ ಮುಟ್ಟಿ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು, ನನ್ನ ಮುಖ ನೋಡಿ, "ಆಗ್ಲಿ ಬುಡಿ ಅಮ್ಮಾರೆ" ಎಂದು ಹೊರೆಯನ್ನು ಮತ್ತೆ ತಲೆಗೇರಿಸಿಕೊಂಡು ಹೋದಳು.

ಚೀಲದೊಳಗೆ ವಡೆ ಬೆವರಿತು. ದಿನವೂ ಮಂಡ್ಯಕ್ಕೆ ರೈಲಿನಲ್ಲಿ ಹೋಗುತ್ತಿದ್ದ ಮೇಷ್ಟ್ರೊಬ್ಬರು ಮರುದಿನ ಬಂದು, "ಹನಕೆರೆ ಬರೋ ಹೊತ್ಗೆ ನಿಮ್ಮ ವಡೆ ಇಡ್ಲಿ ಆಗಿತ್ತು ಕಣಮ್ಮ" ಎಂದರು. ವಾರ ಕಳೆಯುವುದರಲ್ಲಿ ಗಿರಾಕಿಗಳು ಎದುರು ಅಂಗಡಿಗೆ ತಿರುಗಿದರು. ಅತ್ತೆ ನನ್ನನ್ನು ಬೈಯಲಿಲ್ಲ. "ಬೇಡ ಅಂದವಳು ನೀನು. ಬೇಕು ಅನ್ನೋದಕ್ಕೂ ನೀನೇ ಹೋಗಿ ಬಾ" ಎಂದರು, ಅಷ್ಟೇ.

ಮಳವಳ್ಳಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಹಳ್ಳಿ ಸೇರಿದೆ. ಪುಟ್ಟಮ್ಮ ಜಗುಲಿಯಲ್ಲಿ ಎಲೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ಅವಳ ಮುಂದೆ ಹೋಗಿ ನಿಂತೆ.

"ವಡೆ ಬೆವ್ತೋದ್ವಾ?" ಎಂದಳು ಅವಳೇ.

"ನಿನಗೆ ಗೊತ್ತಿತ್ತಾ?"

"ಬಿಸಿ ಪದಾರ್ತ ಉಸಿರಾಡ್ಬೇಕಲ್ವಾ ಅಮ್ಮಾರೆ. ಎಲೆ ಆದ್ರೆ ಆಡುಸ್ತದೆ."

"ಅವತ್ತೇ ಹೇಳಬಾರದಾಗಿತ್ತಾ?"

ಅವಳು ಎಲೆಯಿಂದ ಕಣ್ಣೆತ್ತಲಿಲ್ಲ. "ಒಸಾ ಸೊಸೆ ನೀವು. ಅತ್ತೆ ಮುಂದೆ ನಿಮ್ ಮಾತು ತೆಗ್ದಾಕದ್ ಬ್ಯಾಡ ಅಂತ ಸುಮ್ಕಾದೆ."

ನಾನು ಅವಳ ಅನ್ನಕ್ಕೆ ಕಲ್ಲು ಹಾಕಿದ ಗಳಿಗೆಯಲ್ಲಿ ಅವಳು ನನ್ನ ಮಾನ ಕಾಯುತ್ತಿದ್ದಳು. ಅವಳ ಪಕ್ಕದಲ್ಲೇ ಕುಳಿತು ಎಲೆ ಜೋಡಿಸತೊಡಗಿದೆ. ಸಾಲು ಓರೆಯಾಯಿತು. ಅವಳು ನಕ್ಕು, ಬಿಚ್ಚಿ, ಮತ್ತೆ ಜೋಡಿಸಿದಳು. ಮುಂದಿನ ಸೋಮವಾರದಿಂದ ಎಂದಿನಂತೆ ಬಂದಳು.

ಮೊಮ್ಮಗಳು ಇದನ್ನೆಲ್ಲ ಕೇಳಿ, "ಸರಿ ಅಜ್ಜಿ, ಈಗ ಯಾವುದು ಅಂತ ಹೇಳು" ಎಂದಳು.

"ನನ್ನನ್ನಲ್ಲ ಮಗು, ಈ ಎಲೆ ಕೆಲಸ ಮಾಡೋರನ್ನ ಕೇಳು. ಅವರು ಸುಮ್ಮನಾದರೆ, ಇನ್ನೊಂದು ಸಲ ಕೇಳು."

ಭಾನುವಾರ ಇಬ್ಬರೂ ಮಳವಳ್ಳಿ ಬಸ್ಸು ಹತ್ತುತ್ತಿದ್ದೇವೆ.