ಕೈಗೆ ಬಾರದ ಹಾಲಿನ ದುಡ್ಡು

ನಮ್ಮದು ದುದ್ದದ ಹತ್ತಿರದ ಹಳ್ಳಿ. ಅವ್ವನಿಗೆ ಬ್ಯಾಂಕಿನಲ್ಲಿ ಖಾತೆ ಇರಲಿಲ್ಲ. ಡೈರಿಯವರು ಹಾಲಿನ ದುಡ್ಡನ್ನು ಕೈಗೇ ಕೊಡುತ್ತಿದ್ದಷ್ಟು ಕಾಲ ಅವಳು ಅದರಲ್ಲೇ ಎಣ್ಣೆ, ಸೋಪು, ನನ್ನ ಬಸ್ ಪಾಸು ಎಲ್ಲವನ್ನೂ ತೂಗಿಸಿದಳು. ಆಮೇಲೆ ದುಡ್ಡು ಇನ್ನು ಖಾತೆಗೇ ಬರುತ್ತದೆ ಎಂದರು. ಖಾತೆ ಇದ್ದದ್ದು ಅಪ್ಪನಿಗೆ ಮಾತ್ರ. ತನಗೂ ಒಂದು ಮಾಡಿಸಿಕೊಡಿ ಎಂದು ಅವ್ವ ಕೇಳಿದಾಗ ಅಪ್ಪ ಅವಳ ಆಧಾರ್ ಕಾರ್ಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ.

ಅಲ್ಲಿಂದ ಮುಂದೆ ಒಂದು ಸೋಪು ಬೇಕೆಂದರೂ ಅವಳು ಅಪ್ಪ ಕೂರುತ್ತಿದ್ದ ಟೀ ಅಂಗಡಿಗೆ ಹೋಗಿ, ಅವನ ಗೆಳೆಯರ ಎದುರು ಕೈಚಾಚಬೇಕಾಯಿತು.

"ಸೋಪ್ ಯಾಕೇ? ಮೈ ತೊಳ್ಕೊಂಡು ಯಾರಿಗ್ ತೋರ್ಸ್‌ಬೇಕು?" ಎಂದು ಅಪ್ಪ ಕೇಳುತ್ತಿದ್ದ. ಗೆಳೆಯರು ನಗುತ್ತಿದ್ದರು.

ಅವ್ವ ಜಗಳವಾಡಲಿಲ್ಲ. ದಿನಾ ಅರ್ಧ ಹಾಲನ್ನು ಒಂದು ಹೋಟೆಲಿಗೆ ಹಾಕಿ ದುಡ್ಡನ್ನು ಕೈಗೆ ತೆಗೆದುಕೊಳ್ಳತೊಡಗಿದಳು. ಖಾತೆಗೆ ಬರುವುದು ಕಡಿಮೆಯಾದದ್ದು ಅಪ್ಪನಿಗೆ ಮೊಬೈಲಿನಲ್ಲೇ ಗೊತ್ತಾಯಿತು. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ಒಂದು ದಿನ ನಾನು ಶಾಲೆಯಿಂದ ಬಂದಾಗ ಕೊಟ್ಟಿಗೆಯಲ್ಲಿ ಕರು ಒಂದೇ ಕೂಗುತ್ತಿತ್ತು. ಅವ್ವ ತವರಿನಿಂದ ತಂದು ಸಾಕಿದ್ದ ಹಸುವನ್ನು ಅಪ್ಪ ಚನ್ನರಾಯಪಟ್ಟಣದ ಸಂತೆಯಲ್ಲಿ ಮಾರಿ ಬಂದಿದ್ದ.

"ನಿನ್ ಬ್ಯಾಂಕ್ ಮಾರ್ಬುಟ್ಟೆ ಕಣೇ," ಎಂದು ನಗುತ್ತಾ ಊಟಕ್ಕೆ ಕುಳಿತ.

ಅವ್ವ ಮುದ್ದೆ ಬಡಿಸಿದಳು. "ಕರಾನೂ ಅದ್ರ ಜೊತೇಲೇ ಕೊಡ್ಬಾರ್ದಿತ್ತಾ? ಹಾಲಿಲ್ದೆ ಸಾಯ್ತದೆ."

"ಸಾಯ್ಲಿ ಬುಡು. ನೋಡ್ಕೊಂಡ್ ಕೂತ್ಕೋ."

ಮೂರನೆಯ ದಿನ ಕರು ಸತ್ತಿತು. ಅವ್ವ ಆಲೂಗಡ್ಡೆ ಹೊಲಕ್ಕೆ ಕೂಲಿಗೆ ಹೋಗತೊಡಗಿದಳು. ಅಲ್ಲಿ ಸಂಜೆ ಕೂಲಿ ಕೊಡುವ ಹೊತ್ತಿಗೆ ಅಪ್ಪ ಬದುವಿನ ಮೇಲೆ ಬಂದು ನಿಂತಿರುತ್ತಿದ್ದ.