ಬಾಯಲ್ಲಿ ಹತ್ತಿ ಇಟ್ಟುಕೊಂಡ ಅರ್ಧ ಗಂಟೆ

ಪಾನಿಂಗ್‌ಳಂಥ ಸುಳ್ಳುಗಾರ್ತಿಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಅವಳ ಮೇಲಿರುವಷ್ಟು ಅಕ್ಕರೆ ನನಗೆ ಒಡಹುಟ್ಟಿದವರ ಮೇಲೂ ಇಲ್ಲ.

ಸೆಬು ನಗರದ ಹಿಂಭಾಗದಲ್ಲಿ, ತೊರೆಯ ದಂಡೆಯಲ್ಲಿ ಅವಳ ಮನೆ. ಎಳೆ ತೆಂಗಿನ ಗರಿಯಲ್ಲಿ ಪುಟ್ಟ ಚೀಲ ಹೆಣೆದು, ಅಕ್ಕಿ ತುಂಬಿ, ಕುದಿಯುವ ನೀರಿಗೆ ಬಿಟ್ಟರೆ ಪುಸೊ ಆಗುತ್ತದೆ. ರಸ್ತೆಬದಿಯ ಸುಟ್ಟ ಮೀನಿನ ಅಂಗಡಿಗಳಿಗೆ ಪುಸೊ ಹೋಗುವುದು ಅವಳ ಒಲೆಯಿಂದಲೇ. ಮಾತಾಡುವಾಗಲೂ ತೂಕಡಿಸುವಾಗಲೂ ಅವಳ ಬೆರಳುಗಳು ಗರಿ ಹೆಣೆಯುತ್ತಲೇ ಇರುತ್ತವೆ. ಕೋಳಿ ಕೂಗುವ ಮೊದಲೇ ಅತ್ತೆ, ಇಡೀ ಕೇರಿಗೆ ಅಜ್ಜಿಯಾದ ಲೋಲಾ ಇಸ್ಕಾ, ಪೊರಕೆಯ ಹಿಡಿಯಿಂದ ಬಿದಿರ ನೆಲ ಕುಟ್ಟುತ್ತಿದ್ದಳು.

"ಏಳೇ! ಒಲೆ ನಿನ್ನಪ್ಪ ಬಂದು ಹಚ್ತಾನಾ?"

ಮದುವೆಯಾದ ಮಾರನೆಯ ದಿನದಿಂದ ಒಂದು ಬೆಳಗೂ ಇದು ತಪ್ಪಿರಲಿಲ್ಲ. ನಲವತ್ತರ ಪಾನಿಂಗ್‌ಳನ್ನು ನೋಡಿದವರು ಅರವತ್ತು ಅನ್ನುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಎಂಜಲು ಕೇಳಿಕೊಂಡು. ಗುಡ್ಡದ ಮೇಲೆ ಗೇಟು ಹಾಕಿಕೊಂಡವರಿಗಿಂತ ತೊರೆಯ ದಂಡೆಯವರು ಯಾಕೆ ಬೇಗ ಕಾಯಿಲೆ ಬೀಳುತ್ತಾರೆ, ಬೇಗ ಮುದುಕರಾಗುತ್ತಾರೆ ಎಂದು ವಿಶ್ವವಿದ್ಯಾಲಯದವರು ಅಧ್ಯಯನ ಮಾಡುತ್ತಿದ್ದರು. ಮನೆಮನೆ ತಿರುಗುವ ಕೆಲಸ ನನ್ನದು. ಬಡತನ ಮೈಯನ್ನು ತಿನ್ನುತ್ತದೆ ಎಂದು ಬಾಯಲ್ಲಿ ಹೇಳಿದರೆ ದೊಡ್ಡವರು ಒಪ್ಪುವುದಿಲ್ಲವಲ್ಲ, ರಕ್ತದಲ್ಲಿ ತೋರಿಸಬೇಕು, ಎಂಜಲಲ್ಲಿ ತೋರಿಸಬೇಕು. ಮೈ ಗಾಬರಿಯಾದಾಗ ಏರುವ ಒಂದು ರಸವಿದೆ. ಅದು ಎದ್ದಕೂಡಲೇ ಎಷ್ಟಿರುತ್ತದೆ, ಅರ್ಧ ಗಂಟೆಯಾದ ಮೇಲೆ ಎಷ್ಟಿರುತ್ತದೆ ಎಂದು ಎಂಜಲಿನಿಂದ ತಿಳಿಯುತ್ತದೆ.

"ಕಣ್ಣು ಬಿಟ್ಟ ತಕ್ಷಣ ಈ ಹತ್ತಿ ಸುರುಳಿ ಬಾಯಲ್ಲಿಟ್ಕೊಂಡು ಅಗಿ, ಆಮೇಲೆ ಕೊಳವೆಗೆ ಹಾಕು," ಎಂದೆ. "ಅರ್ಧ ಗಂಟೆ ಬಿಟ್ಟು ಇನ್ನೊಂದು. ನಡುವೆ ತಿನ್ನಬಾರ್ದು, ಕುಡೀಬಾರ್ದು, ಏಳಬಾರ್ದು."

"ಏಳಬಾರ್ದಾ?"

"ಮಲಗೇ ಇರ್ಬೇಕು."

ಅವಳ ಬೆರಳು ನಿಂತವು. ಅವು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಕ್ಕಾ, ಇದನ್ನ ನಮ್ಮತ್ತೆ ಎದುರಿಗೆ ಇನ್ನೊಂದ್ಸಲ ಹೇಳು. ಸ್ವಲ್ಪ ಜೋರಾಗಿ."

ಹೇಳಿದೆ. ಲೋಲಾ ಇಸ್ಕಾ ಮೂಗು ಮುರಿದಳು. "ಮಲಗಿರೋದೂ ಒಂದು ಕೆಲಸವಾ ಈಗ?" ಆದರೆ ವಿಶ್ವವಿದ್ಯಾಲಯ ಎಂದರೆ ಅವಳಿಗೆ ಪಾದ್ರಿಗಳ ಮೇಲಿದ್ದಷ್ಟೇ ಭಯ. ಮೂರು ಬೆಳಗು ಪೊರಕೆ ಸುಮ್ಮನಿತ್ತು, ಗಂಡ ರೂಫೊ ಗೊಣಗುತ್ತಾ ಒಲೆ ಹಚ್ಚಿದ.

ತುಂಬಿದ ಕೊಳವೆಗಳನ್ನು ತೆಗೆದುಕೊಂಡು ಹೋದೆ, ಅಧ್ಯಯನ ಮುಗಿಯಿತು. ಎಷ್ಟೋ ತಿಂಗಳಾದ ಮೇಲೆ ಪುಸೊ ಕೊಳ್ಳಲು ಹೋದಾಗ ಅವಳ ಚಾಪೆಯ ಮೇಲುಗಡೆ, ಬಾಲಯೇಸುವಿನ ಪಟದ ಪಕ್ಕದ ಮೊಳೆಗೆ ಒಂದು ಕೊಳವೆ ನೇತಾಡುತ್ತಿತ್ತು. ಒಳಗೆ ಹತ್ತಿ ಇರಲಿಲ್ಲ. ಹಳೆ ಅಂಗಿಯ ಬಟ್ಟೆ ಸುತ್ತಿ ಮಾಡಿದ ಸುರುಳಿ ಇತ್ತು.

"ಇನ್ನೂ ನಡೀತಿದೆಯಾ?" ಎಂದು ಪಿಸುಗುಟ್ಟಿದೆ.

"ದಿನಾ," ಎಂದಳು. ಮುಖದಲ್ಲಿ ನಾಚಿಕೆಯ ಸುಳಿವೂ ಇಲ್ಲ!

ಆ ಅರ್ಧ ಗಂಟೆಯಲ್ಲಿ ಏನು ಮಾಡ್ತೀಯ ಎಂದು ಕೇಳಿದೆ. ಏನೂ ಇಲ್ಲ ಎಂದಳು, ಆಮೇಲೆ ಹೇಳುತ್ತಲೇ ಹೋದಳು. ತಗಡಿನ ತೂತಿನಿಂದ ಇಳಿಯುವ ಬೆಳಕು ಮೊದಲು ಬೂದಿಯ ಬಣ್ಣಕ್ಕಿರುತ್ತದಂತೆ, ಆಮೇಲೆ ಎಳೆ ಗರಿಯ ಬಣ್ಣಕ್ಕೆ ತಿರುಗುತ್ತದಂತೆ. ಅದು ಹೊದಿಕೆಯ ಮೇಲೆ ನಡೆಯುತ್ತಾ ಬಂದು ಕೈ ಮುಟ್ಟುವಾಗ, ಸತ್ತ ಅವ್ವ ಪಕ್ಕದಲ್ಲಿ ಕೂತು ತಲೆ ಬಾಚುತ್ತಾಳಂತೆ. ಬಾಚುತ್ತಾ ಬಾಚುತ್ತಾ ಕೂದಲು ಉದ್ದವಾಗಿ ತೊರೆಗೆ ಇಳಿಯುತ್ತದೆ, ತೊರೆ ಕಡಲಿಗೆ ಹೋಗುತ್ತದೆ, ಮನೆ ದೋಣಿಯ ಹಾಗೆ ಮೆಲ್ಲಗೆ ತೂಗುತ್ತದೆ. ಯಾರೂ ಅವಳನ್ನು ಏನೂ ಕೇಳುವುದಿಲ್ಲ. ಬಾಯಲ್ಲಿ ಬಟ್ಟೆ ಇದ್ದವಳನ್ನು ಏನಂತ ಕೇಳುವುದು?

ಅವಳು ಹೇಳುವುದನ್ನು ಕೇಳುತ್ತಾ ನನಗೂ ಕಣ್ಣು ಮಂಜಾಯಿತು. ಅಷ್ಟರಲ್ಲಿ ಅಕ್ಕಿ ತೊಳೆದ ಕೈ ಒರೆಸಿಕೊಳ್ಳುತ್ತಾ ಲೋಲಾ ಇಸ್ಕಾ ಒಳಗೆ ಬಂದಳು.

"ಇಂದಾಯ್, ಮಗಳೇ, ಒಳ್ಳೇದಾಯ್ತು ಬಂದೆ. ನಿಮ್ಮ ಈ ಎಂಜಲಿನ ಲೆಕ್ಕ ಯಾವತ್ತಿಗೆ ಮುಗಿಯತ್ತಮ್ಮಾ?"

ಪಾನಿಂಗ್‌ಳ ಬೆರಳು ಮತ್ತೆ ನಿಂತವು. ನಾನು ನಿಜ ಹೇಳಿದರೆ ನಾಳೆಯೇ ಪೊರಕೆ ಕುಟ್ಟುತ್ತದೆ, ಬೆಳಕೂ ಅವ್ವನೂ ತೊರೆಯೂ ಹೋಗುತ್ತವೆ. ಅವಳು ನನ್ನತ್ತ ನೋಡಲಿಲ್ಲ, ಕೈಯಲ್ಲಿದ್ದ ಅರ್ಧ ಹೆಣೆದ ಗರಿಯನ್ನೇ ನೋಡುತ್ತಿದ್ದಳು.

"ಇನ್ನೂ ಮುಗಿದಿಲ್ಲ ಲೋಲಾ," ಎಂದೆ.

"ಇಷ್ಟು ದಿನವಾ?"

"ಈ ದಂಡೆಯವರ ದಣಿವು ಬಹಳ ಹಳೇದು. ಬೇಗ ಲೆಕ್ಕಕ್ಕೆ ಸಿಗಲ್ಲ."

ಮುದುಕಿ ನನ್ನನ್ನು ಒಮ್ಮೆ ನೋಡಿದಳು, ಸೊಸೆಯನ್ನು ಒಮ್ಮೆ ನೋಡಿದಳು. ಸಿಕ್ಕಿಬಿದ್ದೆವು ಎಂದುಕೊಂಡೆ. ಅವಳು ಬಾಗಿಲು ಅರ್ಧ ಮುಚ್ಚಿ, ಮೊಣಕಾಲು ಹಿಡಿದುಕೊಂಡು ನನ್ನ ಪಕ್ಕದಲ್ಲಿ ಕುಕ್ಕರಿಸಿ, ದನಿ ತಗ್ಗಿಸಿದಳು.

"ಮುದುಕಿಯರ ಎಂಜಲು ಬೇಡ್ವಾ ನಿಮಗೆ?"

ನಾನು ಅವಳತ್ತ ತಿರುಗಿದೆ.

"ನನ್ನತ್ತೆ ಒನಕೆಯಲ್ಲಿ ಕುಟ್ಟಿ ಎಬ್ಬಿಸ್ತಿದ್ಳು," ಎಂದಳು ಲೋಲಾ ಇಸ್ಕಾ. "ಅವಳು ಸತ್ತು ಎಷ್ಟು ಕಾಲವಾಯ್ತು. ಈಗ್ಲೂ ಆ ಸದ್ದಿಗೇ ಎಚ್ಚರವಾಗತ್ತೆ."

ಪಾನಿಂಗ್ ತನ್ನ ಅತ್ತೆಯ ಮುಖವನ್ನು ಹೊಸದಾಗಿ ಕಂಡವಳಂತೆ ನೋಡಿದಳು. ನನ್ನ ಹೆಗಲ ಚೀಲದ ತಳದಲ್ಲಿ ಬಳಸದ ಒಂದು ಕೊಳವೆ ಉಳಿದಿತ್ತು. ಅದನ್ನು ತೆಗೆದು ಮುದುಕಿಯ ಅಂಗೈಯಲ್ಲಿಟ್ಟೆ. ಹೊರಗೆ ಒಲೆಯ ಹತ್ತಿರ ರೂಫೊ ಕೆಮ್ಮುತ್ತಿದ್ದ.

"ಪೂರ್ತಿ ಅರ್ಧ ಗಂಟೆ ಮಲಗ್ಬೇಕು ತಾನೇ?" ಲೋಲಾ ಇಸ್ಕಾ ಕೊಳವೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಕಮ್ಮಿ ಆದ್ರೆ ನಿಮ್ಮ ಲೆಕ್ಕ ತಪ್ಪತ್ತಲ್ವಾ?"

"ತಪ್ಪತ್ತೆ ಲೋಲಾ," ಎಂದೆ. "ಜಾಸ್ತಿಯಾದ್ರೆ ಪರವಾಗಿಲ್ಲ."