ಅಶ್ಫಾಕ ಆರಿಸಿಕೊಂಡ ದೇವರು

ಇಳಕಲ್ಲಿನ ಶಮಾ ಮನೆಯಲ್ಲೇ ಕೂತು ಸೀರೆಗೆ ಕೊಂಡಿ ಹಾಕುತ್ತಾಳೆ. ಒಡಲಿನ ಒಂದೊಂದು ಎಳೆಯನ್ನು ಸೆರಗಿನ ಒಂದೊಂದು ಎಳೆಗೆ ಸಿಕ್ಕಿಸಿ ಕೂಡಿಸುವ ಕೆಲಸ ಅದು. ನಡುವೆ ಯಾರು ಮಾತಾಡಿಸಿದರೂ ತಲೆ ಎತ್ತುವುದಿಲ್ಲ. ಈ ಹತ್ತು ತಿಂಗಳಲ್ಲಿ ಆ ರೂಢಿ ಅವಳಿಗೆ ಉಪಕಾರವೇ ಆಗಿತ್ತು. ತಮ್ಮನ ಮುಖ ನೋಡದೆ ಸುಳ್ಳು ಹೇಳಬಹುದಿತ್ತು.

ತಮ್ಮ ಅಶ್ಫಾಕನಿಗೆ ಹತ್ತೊಂಬತ್ತು. ಹತ್ತು ತಿಂಗಳ ಹಿಂದೆ ಕಲ್ಲಿನ ಕ್ವಾರಿಯಲ್ಲಿ ಬಿದ್ದು ಬೆನ್ನು ಮುರಿದುಕೊಂಡಿದ್ದ. ಸೊಂಟದ ಕೆಳಗೆ ಇನ್ನು ಜೀವ ಬರುವುದಿಲ್ಲವೆಂದು ಬಾಗಲಕೋಟೆಯ ಡಾಕ್ಟರು ಶಮಾಳನ್ನೂ ಅಪ್ಪ ಚಾಂದಸಾಬನನ್ನೂ ಹೊರಗೆ ಕರೆದು ಹೇಳಿದರು. ಚಾಂದಸಾಬ ಒಳಗೆ ಹೋಗಿ ಮಗನಿಗೆ, "ರಮಜಾನಿನ್ಯಾಗ ಎದ್ದ ನಿಂದರ್ತಿಯಂತ," ಎಂದ. ಆ ರಮಜಾನ್ ಮುಗಿದು ಬಕ್ರೀದೂ ಆಯಿತು. ಹೇಳುತ್ತ ಹೇಳುತ್ತ ಅಪ್ಪನೇ ಅದನ್ನು ನಂಬಿಬಿಟ್ಟಿದ್ದ. ಕಲಾದಗಿಯ ಹಕೀಮನೊಬ್ಬ ಹೇಳಿದಂತೆ ದಿನಾ ಸಂಜೆ ಇಟ್ಟಿಗೆ ಕಾಸಿ, ಅರಿವೆಯಲ್ಲಿ ಸುತ್ತಿ, ಮಗನ ಕಾಲಿಗೆ ಶಾಖ ಕೊಡುತ್ತಿದ್ದ.

ಅಶ್ಫಾಕನಿಗೆ ಜೊತೆ ಎಂದರೆ ಮೊಬೈಲಿನ ಒಂದು ಆಟ. ಐದೈದು ಮಂದಿಯ ಎರಡು ತಂಡ, ಒಬ್ಬೊಬ್ಬರಿಗೆ ಒಬ್ಬ ದೇವರು. ಉಳಿದವರು ಓಡುವವನನ್ನೋ ಹಾರುವವನನ್ನೋ ಆರಿಸಿಕೊಂಡರೆ ಇವನು ಪ್ರತಿ ಸಲವೂ ಕುಎಬಿಕೊನನ್ನೇ ಆರಿಸುತ್ತಿದ್ದ. ಜಪಾನಿನವರ ಜ್ಞಾನದ ದೇವರು. ನೋಡಲು ಭತ್ತದ ಗದ್ದೆಯಲ್ಲಿ ನಿಂತ ಬೆದರುಗೊಂಬೆ. ಒಂದು ಹೆಜ್ಜೆ ಇಡಲಾರ, ಆದರೆ ಲೋಕದಲ್ಲಿ ನಡೆಯುವುದೆಲ್ಲ ಬಲ್ಲ. ಶತ್ರು ಎಲ್ಲಿ ಅಡಗಿದ್ದಾನೆಂದು ತಂಡಕ್ಕೆ ಹೇಳುವುದೇ ಅವನ ಕೆಲಸ.

"ದೇವರಾಗಿ ಕಾಗಿ ಓಡಸ್ತಾನೇನಲೇ?" ಎಂದು ಚಾಂದಸಾಬ ಚೇಷ್ಟೆ ಮಾಡುತ್ತಿದ್ದ.

"ಅಂವಾ ಖರೆ ಹೇಳ್ತಾನ, ಅಬ್ಬಾ. ನಿಮ್ಮ ಹಕೀಮಗಿಂತ ಚಲೋ."

ಒಂದು ಗುರುವಾರ ಚಾಂದಸಾಬ ಹಕೀಮನಿಂದ ಹೊಸ ಎಣ್ಣೆ ತರಲು ಕಲಾದಗಿಗೆ ಹೋದ. ಅಂದು ಶಾಖ ಕೊಡುವ ಕೆಲಸ ಶಮಾಳ ಪಾಲಿಗೆ ಬಂತು.

"ಬಿಸಿ ಭಾಳ ಆತೇನೋ?"

"ಇನ್ನಷ್ಟ ಇರಲಿ, ಆಪಾ," ಎಂದ ಅಶ್ಫಾಕ, ಆಟದಿಂದ ಕಣ್ಣು ತೆಗೆಯದೆ.

ಅವಳು ಇನ್ನೊಂದು ಇಟ್ಟಿಗೆ ಕಾಸಿ ತಂದಿಟ್ಟು ಕೊಂಡಿಗೆ ಕೂತಳು. ಸುಟ್ಟ ವಾಸನೆ ಬಂದಾಗ ಅರಿವೆ ಎಂದುಕೊಂಡಳು. ಇಟ್ಟಿಗೆ ಎತ್ತಿದರೆ ಅರಿವೆಯ ಜೊತೆ ಮೀನಖಂಡದ ಚರ್ಮವೂ ಕಿತ್ತು ಬಂತು.

ಅಶ್ಫಾಕ ಮೊಣಕೈ ಊರಿ ಎದ್ದು ನೋಡಿದ. ಆಟ ನಡುವೆ ಬಿಟ್ಟದ್ದಕ್ಕೆ ಮೊಬೈಲಿನಲ್ಲಿ ತಂಡದವರು ಅವನನ್ನು ಬೈಯುತ್ತಲೇ ಇದ್ದರು. ಅವಳು ಗಾಯಕ್ಕೆ ತಣ್ಣೀರು ಹಾಕುವುದನ್ನು ಬೇರೆ ಯಾರದೋ ಕಾಲೆಂಬಂತೆ ನೋಡುತ್ತಿದ್ದ.

"ಈ ಆಟದಾಗ ಒಂದ ಕಟ್ಟಳಿ ಐತಿ, ಆಪಾ," ಎಂದ. "ಕುಎಬಿಕೊನ್ನ ಏನರ ಕೇಳಿದ್ರ ಅಂವಾ ಸುಳ್ಳ ಹೇಳಂಗಿಲ್ಲ. ಆದ್ರ ಕೇಳಿದಾವಂದ ಅರ್ಧಾ ಜೀವಾ ಹೋಗ್ತೈತಿ. ಈಗ ನಾ ಕೇಳಾಕತ್ತೇನಿ. ದವಾಖಾನಿಯಾಗ ಏನಂದ್ರು?"

ಶಮಾಳ ಕೈಯಲ್ಲಿ ಎಳೆಗಳಿರಲಿಲ್ಲ. ತಲೆ ತಗ್ಗಿಸಲು ನೆಪವಿರಲಿಲ್ಲ.

"ಕಾಲ ಬರಂಗಿಲ್ಲ ಅಂದ್ರು."

"ಯಾವತ್ತೂ?"

"ಯಾವತ್ತೂ."

ಅಶ್ಫಾಕ ಮೊಬೈಲನ್ನು ಬೋರಲಾಗಿಟ್ಟು ಗೋಡೆಯ ಕಡೆ ಮುಖ ಮಾಡಿದ. ಅಳು ಕೇಳಿಸಲಿಲ್ಲ. ಬೆನ್ನು ಮಾತ್ರ ಅಲುಗುತ್ತಿತ್ತು, ಸೊಂಟದವರೆಗೆ. ಅವಳು ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದಳು. ಆಮೇಲೆ ಅವನೇ ಹೇಳಿದ: "ಸುಟ್ಟಿದ್ದಷ್ಟ ಹೇಳು. ನನಗ ಗೊತ್ತಾಗೇತಂತ ಅಬ್ಬಾಗ ಹೇಳಬ್ಯಾಡ. ಅಂವಾ ತಡಕೊಳ್ಳಂಗಿಲ್ಲ."

ದೀಪ ಹಚ್ಚುವ ಹೊತ್ತಿಗೆ ಚಾಂದಸಾಬ ಬಸ್ಸಿಳಿದು ಬಂದ. ಪಟ್ಟಿ ಕಟ್ಟಿದ ಕಾಲು ನೋಡಿ ಮಗಳನ್ನು ಬೈದ. ನಂತರ ಮಗನ ಕಡೆ ತಿರುಗಿ ಮೆಲ್ಲಗೆ, "ಉರಿ ತಿಳೀಲಿಲ್ಲೇನಪಾ?" ಎಂದು ಕೇಳಿದ.

"ಆಟದ ಗುಂಗಿನ್ಯಾಗಿದ್ದೆ, ಅಬ್ಬಾ."

ಅಪ್ಪನ ಮುಖ ತಿಳಿಯಾಯಿತು. ಇನ್ನೊಂದು ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹೊಸ ಎಣ್ಣೆ ತಿಕ್ಕತೊಡಗಿದ.

"ಈಗೇನರ ಗೊತ್ತಾಗ್ತೈತೇನ?"

ಶಮಾ ಕೊಂಡಿಯ ಎಳೆಗಳತ್ತ ತಲೆ ತಗ್ಗಿಸಿದಳು. ಅಶ್ಫಾಕ ಕಣ್ಣು ಮುಚ್ಚಿಕೊಂಡ.

"ಹೂಂ. ಹೆಬ್ಬೆರಳಿನ್ಯಾಗ ಒಂಚೂರ ಚುಮುಚುಮು ಅಂತೈತಿ."

ಚಾಂದಸಾಬ ಅಂಗೈಗೆ ಮತ್ತಷ್ಟು ಎಣ್ಣೆ ಸುರಿದುಕೊಂಡ.